ಜಂದೀರಾಳ ದವಡೆಗೆ ಇವತ್ತು ಸ್ಕ್ರೂ ಬೇಡ

ಇಯೊಲಾಂಡಕ್ಕ,

ನೀನು ಏಳುವಷ್ಟರಲ್ಲಿ ನಿನ್ನ ಮಗಳು ಜಂದೀರಾಳನ್ನು ಕರೆದುಕೊಂಡು ಪಟ್ಟಣದ ಬಸ್ಸು ಹತ್ತಿರುತ್ತೇನೆ. ಅವಳ ಹಲ್ಲನ್ನು ಹಿಂದಕ್ಕೆಳೆಯುವ ಸ್ಕ್ರೂ ಇವತ್ತು ಹಾಕುವುದಿಲ್ಲ. ನಾನು ತೆಗೆದ ಒಂದು ಎಕ್ಸ್-ರೇಯಲ್ಲಿ ಸ್ಕ್ರೂ ಕೂರಬೇಕಾದ ಕಡೆ ಎರಡು ಹಲ್ಲುಗಳ ಬೇರುಗಳ ನಡುವೆ ಧಾರಾಳ ಜಾಗವಿದೆ. ಸ್ವಲ್ಪ ಓರೆಯಿಂದ ತೆಗೆದ ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಎಲ್ಲ ಕಡೆಯಿಂದಲೂ ತೋರಿಸುವ ಸ್ಕ್ಯಾನ್ ಪಟ್ಟಣದಲ್ಲಿ ಮಾಡಿಸಿ ನೋಡದೆ ನಾನು ಕೈ ಹಾಕುವವಳಲ್ಲ.

ನೆನೆಸಿದ ಕಾಳು ಒಲೆಗೇರಿಸು. ಮಾಂಸಕ್ಕೆ ಉಪ್ಪು ಹಾಕಿದ್ದೇನೆ, ಮತ್ತೆ ಸುರಿಯಬೇಡ. ಹಲ್ಲುನೋವಿನವರನ್ನು ಕಾಯುವ ಸಂತ ಅಪೊಲೋನಿಯಾಳ ಮುಂದಿನ ಮೇಣದಬತ್ತಿ ಆರದಂತೆ ನೋಡಿಕೋ.

"ಒಂದು ಸ್ಕ್ರೂಗೆ ಇಷ್ಟೊಂದು ಶಾಸ್ತ್ರ ಯಾಕೇ ಡಾಕ್ಟರಮ್ಮ? ತಡ ಮಾಡಿದ್ರೆ ಹಬ್ಬದ ದಿನ ಮಾತೆಗೆ ಕಿರೀಟ ಇಡೋ ಹುಡುಗಿ ಬಾಯಿ ಊದಿಸ್ಕೊಂಡು ನಿಲ್ಬೇಕಾ?" ಎಂದು ನಿನ್ನೆ ನೀನು ಹಂಗಿಸಿದೆ. ಹಂಗಿಸು. ಆದರೆ ಹೋದ ವರ್ಷ ಚರ್ಚಿನ ಮೆಟ್ಟಿಲ ಮೇಲೆ ನಿಂತು, "ಅಲ್ಲಿ ಜಾಗ ಇದೆ ಕಣೇ!" ಎಂದು ಮಾತೆಯ ಪಲ್ಲಕ್ಕಿಗೆ ಹೆಗಲು ಕೊಡಲು ನುಗ್ಗಿದವಳು ಯಾರು? ಹೊರುವವರ ನಡುವೆ ಒಂದು ಗೇಣೂ ಇರಲಿಲ್ಲ. ಅನಾಕ್ಲೆಟೊ ಮಾವನ ಪಾದ ತುಳಿದೆ. ಅವನು ಬೊಬ್ಬೆ ಹೊಡೆದ, ನೀನು ಕಾಲು ತೆಗೆದೆ.

ಮರಗಟ್ಟಿಸಿದ ದವಡೆಯೊಳಗಿನ ಬೇರು ಬೊಬ್ಬೆ ಹೊಡೆಯುವುದಿಲ್ಲ, ಅಕ್ಕ.

ನಿನ್ನ ತಂಗಿ,
ಜೆನೈಡ್