ನಮ್ಮ ಬಂಡೆಗೆ ನೀವು ನೆಟ್ಟ ಬೋರ್ಡು

ಮಾನ್ಯ ವನ್ಯಧಾಮದ ಅಧಿಕಾರಿಗಳೇ,

ನನ್ನ ಬಾಯಿಂದ ಊರಿಗೆ ಸುಳ್ಳು ಹೇಳಿಸಿದವರು ನೀವು. ಕುಶಲ ಕೇಳುವ ಮೊದಲೇ ಇದನ್ನು ಹೇಳಿಬಿಡುತ್ತೇನೆ. ನೀವು ಕುಶಲವಾಗಿಯೇ ಇದ್ದೀರಿ ಬಿಡಿ. ಪರಿಸರಸ್ನೇಹಿ ಪ್ರವಾಸೋದ್ಯಮಕ್ಕೆ ಬಂದ ಪ್ರಶಸ್ತಿ ಹಿಡಿದು ಪೇಪರಿನಲ್ಲಿ ನಗುತ್ತಿದ್ದೀರಿ.

ನೆನಪಿದೆಯೇ, ನಮ್ಮೂರ ಶಾಲೆಯ ಪುಟ್ಟ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು ನೀವು ಹೇಳಿದ್ದು? "ಬೆಟ್ಟಕ್ಕೆ ಸುಸ್ತಾಗಿದೆ ಅಜ್ಜಿ. ಮನುಷ್ಯರ ಕಾಲು ಬೀಳದ ಹಾಗೆ ಬಿಟ್ರೆ ತಾನೇ ಚೇತರಿಸಿಕೊಳ್ಳುತ್ತೆ. ನಿಮಗೂ ಇಲ್ಲ, ನಮಗೂ ಇಲ್ಲ, ಯಾರಿಗೂ ಇಲ್ಲ." ಆ ಕೊನೆಯ ಮಾತಿಗೆ ನಾನು ಕರಗಿದೆ. ಪಕ್ಕದಲ್ಲಿದ್ದ ಸೊಸೆ ಮೆಲ್ಲಗೆ ತಿವಿದಳು: "ನಂಬಬೇಡಿ ಅತ್ತೆ. ಬೇಲಿ ಹಾಕೋರು ಗೇಟು ಇಟ್ಕೊಂಡೇ ಹಾಕ್ತಾರೆ."

"ಸುಮ್ನಿರೇ, ನಿಂಗೆ ನಾಲಿಗೆ ಉದ್ದ" ಎಂದೆ. ನಮ್ಮ ಮನೆಯಲ್ಲಿ ಉದ್ದ ನಾಲಿಗೆ ಯಾರದೆಂದು ಊರಿಗೇ ಗೊತ್ತು. ಅದೇ ನಾಲಿಗೆಯಿಂದ ಮನೆಮನೆಗೆ ಹೋಗಿ ಹೆಂಗಸರನ್ನು ಒಪ್ಪಿಸಿದೆ. ಹುಲ್ಲು ಬಿಟ್ಟೆವು, ಸೌದೆ ಬಿಟ್ಟೆವು. ಕುಡುಗೋಲು ಅಟ್ಟ ಸೇರಿತು, ಹಸುಗಳು ಸಂತೆ ಸೇರಿದವು.

ಆಮೇಲೆ ಗೇಟು ತೆರೆಯಿತು. ಬಣ್ಣಬಣ್ಣದ ಚೀಲ ಹೊತ್ತು ಸಾಲುಗಟ್ಟಿ ಚಾರಣಿಗರು ಬಂದರು. ನಮ್ಮ ಬರಿಗಾಲು ಬೆಟ್ಟಕ್ಕೆ ಭಾರ, ಅವರ ಬೂಟು ಹೂವೇ? ನಮ್ಮ ಒಲೆಯ ಸೌದೆ ಕಾಡಿಗೆ ಹಾನಿ, ಅವರು ಸುತ್ತ ಕುಣಿಯುವ ಬೆಂಕಿ ಕಾಡಿಗೆ ಅಲಂಕಾರವೇ? ನಾನು ನಾಲ್ಕಕ್ಷರ ಮಾತ್ರ ಕಲಿತವಳು. ಓದಿದವರು ನೀವು ಬಿಡಿಸಿ ಹೇಳಬೇಕು. ಹಸುವಿಲ್ಲದ ಮನೆ ನಡೆಯಬೇಕಲ್ಲ, ಚಾರಣಿಗರಿಗೆಂದು ಮೇಲೆ ನೀವು ಹಾಕಿದ ಕ್ಯಾಂಪಿಗೆ ಸೊಸೆ ಅಡುಗೆಗೆ ಸೇರಿದಳು. ಇದೇ ಊರಲ್ಲಿ ಹುಟ್ಟಿದವಳು, ತಾನು ಆಡಿ ಬೆಳೆದ ಬೆಟ್ಟವನ್ನು ಕೊರಳಿಗೆ ಪಾಸು ಕಟ್ಟಿಕೊಂಡು ಹತ್ತಿದಳು.

ಇಷ್ಟನ್ನೂ ನುಂಗಿಕೊಂಡಿದ್ದೆ. ಬಂಡೆಯ ವಿಷಯ ಗಂಟಲಲ್ಲಿ ಇಳಿಯುತ್ತಿಲ್ಲ.

ದಾರಿ ಕವಲೊಡೆಯುವಲ್ಲಿ ಚಪ್ಪಟೆ ಬಂಡೆಯೊಂದಿದೆ. ಮೇಲೆ ಹೋಗುವವರು ಅದರ ಮೇಲೊಂದು ಕಲ್ಲಿಡುವುದು, ಇಳಿದು ಬರುವಾಗ ತೆಗೆದು ಬಿಸಾಡುವುದು. ಇದು ನನ್ನ ಅತ್ತೆಯ ಅತ್ತೆಯ ಕಾಲದಿಂದಲೂ ಇದ್ದ ಪದ್ಧತಿ. ಸಂಜೆ ಕಲ್ಲು ಉಳಿದಿದ್ದರೆ ಯಾರೋ ಮೇಲೆ ಸಿಕ್ಕಿಕೊಂಡಿದ್ದಾರೆ ಎಂದರ್ಥ. ಊರೇ ಹುಡುಕಲು ಹೊರಡುತ್ತಿತ್ತು. ಅಲ್ಲಿ ಫೋನು ಹಿಡಿಯುವುದಿಲ್ಲ, ಕಲ್ಲು ಹಿಡಿಯುತ್ತಿತ್ತು. ನಿಮ್ಮ ಚಾರಣಿಗರಿಗೆ ಅದು ಚೆಂದ ಕಂಡಿತು. ಕಲ್ಲಿನ ಮೇಲೆ ಕಲ್ಲು ಪೇರಿಸಿ ಫೋಟೋ ತೆಗೆಸಿಕೊಂಡರು. "ಅದು ಆಟದ್ದಲ್ಲಪ್ಪ" ಎಂದು ನಿಮ್ಮ ಕಚೇರಿಗೆ ಬಂದು ಹೇಳಿದೆ. ನೀವು ಬೋರ್ಡು ಹಾಕಿಸಿದಿರಿ: "ಹಾರೈಕೆಯ ಬಂಡೆ. ಒಂದು ಕಲ್ಲಿಡಿ, ಆಸೆ ಹೇಳಿಕೊಳ್ಳಿ."

ಹೋದ ತಿಂಗಳು ಸೊಸೆ ಸಂಜೆಗೆ ಮನೆಗೆ ಬರಲಿಲ್ಲ. ಬಂಡೆಗೆ ಓಡಿದೆ. ಅದರ ತುಂಬ ಗೋಪುರಗಳು. ಅವಳ ಕಲ್ಲು ಯಾವುದೆಂದು ಹುಡುಕಲಿ? ಕ್ಯಾಂಪಿನಲ್ಲಿ ಜನ ಹೆಚ್ಚಿದ್ದಾಗ ಅವಳು ರಾತ್ರಿ ಅಲ್ಲೇ ಉಳಿಯುವುದಿತ್ತು, ಉಳಿದಿರಬೇಕೆಂದು ಸಮಾಧಾನ ಮಾಡಿಕೊಂಡೆ. ಕ್ಯಾಂಪಿನವರು ಅವಳು ಇಳಿದು ಹೋದಳೆಂದುಕೊಂಡರು. ನಡುದಾರಿಯ ಕೊರಕಲಿನಲ್ಲಿ ಕಾಲು ಮುರಿದು ಬಿದ್ದವಳು ಸಿಕ್ಕಿದ್ದು ಬೆಳಗಾದ ಮೇಲೆ. ಕೂಗಿ ಕೂಗಿ ದನಿ ಹೋಗಿತ್ತು. ಕಾಲು ಇನ್ನು ಮೊದಲಿನಂತಾಗದು ಎಂದಿದ್ದಾರೆ ಡಾಕ್ಟರು.

ನಿಮ್ಮ ಕಚೇರಿ ಏನೆಂದಿತು? ಅವಳು "ನಿಗದಿತ ಮಾರ್ಗ" ಬಿಟ್ಟಿದ್ದಳಂತೆ! ಅವಳು ಹುಟ್ಟಿದಾಗ ನಿಮ್ಮ ಮಾರ್ಗವೇ ಹುಟ್ಟಿರಲಿಲ್ಲ ಸ್ವಾಮಿ.

ಆಸ್ಪತ್ರೆಯ ಮಂಚದಲ್ಲಿ ದನಿ ಬಂದ ಮೇಲೆ ಅವಳು ಕೇಳಿದ್ದು ಒಂದೇ: "ಅತ್ತೆ, ನಿಮ್ಮ ಸಾಹೇಬ್ರು ನೋಡೋಕೆ ಬರ್ತಾರಾ?" ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. "ನಿಮ್ಮ" ಸಾಹೇಬರು ಎಂದಳಲ್ಲ, ಮನೆಗೆ ಬಂದವಳೇ ಈ ಕಾಗದ ಬರೆಯಲು ಕೂತೆ.

ಪರಿಹಾರದ ಮಾತು ಎತ್ತಬೇಡಿ. ಬೋರ್ಡು ಕೀಳಿಸಿ, ಬಂಡೆ ಬರಿದು ಮಾಡಿಸಿ. ಬೆಟ್ಟ ಮುಚ್ಚುವುದಾದರೆ ಎಲ್ಲರಿಗೂ ಮುಚ್ಚಿ, ತೆರೆಯುವುದಾದರೆ ನಮಗೆ ಮೊದಲು ತೆರೆಯಿರಿ. ಆಮೇಲೆ ಶಾಲೆಗೆ ಬಂದು ಅದೇ ಬೆಂಚಿನಲ್ಲಿ ಕೂತು, ಮಾತು ಕೊಟ್ಟವನೂ ನಾನೇ, ಮುರಿದವನೂ ನಾನೇ ಎಂದು ಊರೆದುರು ಹೇಳಿ. ಸೊಸೆ ಊರುಗೋಲು ಹಿಡಿದು ಬಂದು ಎದುರಿಗೇ ಕೂರುತ್ತಾಳೆ. ಈ ಸಲ ಅವಳಿಗೆ ನಾನು ಸುಮ್ಮನಿರು ಎನ್ನುವುದಿಲ್ಲ.

ಇಂತಿ,
ನಿಮ್ಮ ಮಾತಿಗೆ ಜಾಮೀನು ನಿಂತು ಕೆಟ್ಟ ಅಜ್ಜಿ