ಗಡಿಯಾರದವರ ಹಾಗಲಕಾಯಿ

ತೋಟದ ಮನೆ
ಜೂನ್ ೧೧, ಬುಧವಾರ

ನನ್ನ ಮುದ್ದಿನ ಸೊಸೆಗೆ, ಅತ್ತೆಯ ಮನಸ್ಸು ತುಂಬಿದ ಆಶೀರ್ವಾದಗಳು.

ಬೀಗಿತ್ತಿಯವರ ಮಂಡಿ ಈಗ ಹೇಗಿದೆ? ಆಪರೇಷನ್ ಆದ ಮೇಲೆ ಗೋಡೆ ಹಿಡಿಯದೆ ಬಚ್ಚಲಿನ ತನಕ ಹೋಗುತ್ತಿದ್ದಾರೆಯೇ? ಅವಸರ ಬೇಡವೆಂದು ಹೇಳು. ತಾಯಿಯ ಆರೈಕೆಯಲ್ಲಿ ನೀನು ನಿನ್ನ ಊಟ ಮರೆಯುವವಳು, ಆದ್ದರಿಂದ ಹೊತ್ತಿಗೆ ಸರಿಯಾಗಿ ಉಣ್ಣು ಎಂದು ನಿನಗೂ ಹೇಳುತ್ತಿದ್ದೇನೆ. ಇಲ್ಲಿ ನಿನ್ನ ಗಂಡ ಕಲ್ಲುಗುಂಡಿನ ಹಾಗಿದ್ದಾನೆ. ಹಗಲೆಲ್ಲ ನೀರಿನ ಪೈಪಿನ ತೂತು ಹುಡುಕುತ್ತಾನೆ. ಒಂದು ಮುಚ್ಚಿದರೆ ಇನ್ನೊಂದು ಕಡೆ ಚಿಮ್ಮುತ್ತದೆ. ಆಗ ಅವನ ಮುಖದಲ್ಲಿ ಕಾಣುವ ಸಂತೋಷ ನೋಡಿದರೆ, ತೂತು ಮಾಡುತ್ತಿರುವವನೂ ಅವನೇ ಇರಬಹುದೇ ಎಂದು ನನಗೆ ಅನುಮಾನ.

ಮುಂದಿನ ಹಂಗಾಮಿನಿಂದ ತರಕಾರಿ ಪೆಟ್ಟಿಗೆಗಳು ವ್ಯಾನಿನಲ್ಲಿ ಮನೆಮನೆಗೆ ಹೋಗಲಿ, ಟೈಲರ್ ಅಂಗಡಿಯ ಜಗಲಿಯಲ್ಲಿ ಹಂಚುವುದನ್ನು ಬಿಟ್ಟುಬಿಡೋಣ ಎಂದು ಹೋದ ಪತ್ರದಲ್ಲಿ ಬರೆದಿದ್ದೆಯಲ್ಲ, ಆ ವಿಚಾರ ಇನ್ನೂ ನನ್ನ ತಲೆಯಲ್ಲಿದೆ. ಪೆಟ್ಟಿಗೆ ಹೊತ್ತು ಹೊತ್ತು ನಿನ್ನ ಸೊಂಟ ಹಿಡಿದುಕೊಂಡಿದ್ದನ್ನು ನಾನೂ ಕಂಡಿದ್ದೇನೆ. ಆದರೆ ಅದಕ್ಕೆ ಮೊದಲು ಇಲ್ಲಿ ನಡೆದದ್ದನ್ನು ಕೇಳು. ಜನ ಪತ್ರಿಕೆಗೆ ಚಂದಾ ಕಟ್ಟುವುದು ನನಗೆ ಗೊತ್ತಿತ್ತು. ಇನ್ನೂ ಹೂವು ಬಿಡದ ಬದನೆ ಗಿಡಕ್ಕೂ ಮುಂಗಡ ಕಟ್ಟಿ ವಾರವಾರ ತರಕಾರಿ ಒಯ್ಯುತ್ತಾರೆಂದು ನೀನು ಹೇಳಿದಾಗ ಬಾಯಿಗೆ ಸೆರಗು ಹಿಡಿದು ನಕ್ಕಿದ್ದೆ. ಈಗ ಪ್ರತಿ ಶನಿವಾರ ಪೆಟ್ಟಿಗೆಗಳನ್ನು ಸಾಲಾಗಿಟ್ಟುಕೊಂಡು ಆ ಜಗಲಿಯಲ್ಲಿ ಕೂರುವವಳು ನಾನೇ. ಆ ವಾರ ತೋಟ ಕೊಟ್ಟಿದ್ದು ಎಲ್ಲರಿಗೂ ಸಮ, ಆರಿಸುವ ಹಾಗಿಲ್ಲ ಎನ್ನುವುದು ನಿನ್ನ ನಿಯಮ. ಸರಿಯೇ, ಒಪ್ಪಿಕೊಂಡೆ. ಆದರೆ ಖಾಲಿ ಪೆಟ್ಟಿಗೆ ವಾಪಸು ಬಂದಾಗ ಅದರೊಳಗೆ ಮೂಗು ತೂರಿಸಬಾರದೆಂದು ನೀನು ಹೇಳಿರಲಿಲ್ಲ. ನರ್ಸಮ್ಮನ ಪೆಟ್ಟಿಗೆಯಲ್ಲಿ ಕಚ್ಚಿ ಬಿಸಾಡಿದ ಸೌತೆಕಾಯಿ ತೊಟ್ಟು ಇರುತ್ತದೆ. ಮನೆ ಸೇರುವ ತನಕ ತಾಳ್ಮೆಯಿಲ್ಲ ಅವಳಿಗೆ. ಮೇಷ್ಟರ ಮನೆಯಿಂದ ಮೂಲಂಗಿ ಬಾಡಿಕೊಂಡು ಹಾಗೇ ತಿರುಗಿ ಬರುತ್ತದೆ, ತಿನ್ನದವರು ಮೇಷ್ಟರೋ ಮಕ್ಕಳೋ ಇನ್ನೂ ಪತ್ತೆಯಾಗಿಲ್ಲ. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಹಾಗಲಕಾಯಿ. ಜಗಲಿಯಲ್ಲಿಯೇ ಎಲ್ಲರೂ ತಮ್ಮ ಪಾಲಿನ ಹಾಗಲಕಾಯಿ ತೆಗೆದು ಗಡಿಯಾರದವರ ಪೆಟ್ಟಿಗೆಗೆ ಹಾಕುತ್ತಿದ್ದರು. ಗಡಿಯಾರ ರಿಪೇರಿ ನಿಲ್ಲಿಸಿ ಒಬ್ಬರೇ ಇದ್ದಾರಲ್ಲ, ಅವರೇ. "ಕೊಡಿ, ಕೊಡಿ, ನನಗದೇ ಇಷ್ಟ" ಎನ್ನುತ್ತ ತಮ್ಮ ಟೊಮೆಟೊ, ಜೋಳದ ತೆನೆ ಎಲ್ಲವನ್ನೂ ಕೈಕೈಗೆ ಹಂಚಿಬಿಡುತ್ತಿದ್ದರು.

ಇಷ್ಟು ತಿಳಿದ ಮೇಲೆ ನನ್ನ ಕೈ ಸುಮ್ಮನಿರುವುದುಂಟೇ? ನಿನ್ನ ನಿಯಮವನ್ನು ಅಟ್ಟಕ್ಕೇರಿಸಿ, ಯಾರಿಗೆ ಏನು ಸೇರುತ್ತದೋ ಅದನ್ನೇ ತುಂಬಿಸಿದೆ. ಮೇಷ್ಟರಿಗೆ ಮೂಲಂಗಿ ಇಲ್ಲ, ನರ್ಸಮ್ಮನಿಗೆ ಸೌತೆಕಾಯಿ ಜಾಸ್ತಿ, ಗಡಿಯಾರದವರಿಗೆ ಪೆಟ್ಟಿಗೆ ತುಂಬ ಹಾಗಲಕಾಯಿ. ಆ ಶನಿವಾರ ಎಲ್ಲರೂ ಬಂದರು, ಮುಚ್ಚಳ ಎತ್ತಿ ನೋಡಿದರು, ಮುಖ ಅರಳಿಸಿಕೊಂಡು ಹೊರಟೇ ಹೋದರು. ನನಗೆ ಎರಡು ಕೋಡು ಮೂಡಿದ ಹಾಗಾಯಿತು. ಟೈಲರ್ ಮಾತ್ರ ಕತ್ತರಿ ಕೆಳಗಿಟ್ಟು, "ಏನಮ್ಮಾ, ಇವತ್ತು ಯಾರೂ ಮಾತೇ ಆಡ್ಲಿಲ್ಲ?" ಎಂದ. ಬದಲಾಯಿಸಿಕೊಳ್ಳಲು ಏನೂ ಇಲ್ಲದ ಮೇಲೆ ಮಾತಿಗೇನು ಕೆಲಸ ಎಂದು ನಾನು ತಟ್ಟನೆ ಉತ್ತರ ಕೊಟ್ಟೆ. ಮುಂದಿನ ವಾರವೂ ಹಾಗೆಯೇ ಆಯಿತು. ಅದರ ಮುಂದಿನ ವಾರ ಗಡಿಯಾರದವರು ಬರಲಿಲ್ಲ. ಇನ್ನು ಪೆಟ್ಟಿಗೆ ಬೇಡ ಎಂದು ಟೈಲರ್ ಹತ್ತಿರ ಹೇಳಿ ಕಳಿಸಿದ್ದರು.

ಇಷ್ಟವಾದದ್ದನ್ನೇ ಕೊಟ್ಟರೆ ಯಾಕೆ ಬೇಡವಾಯಿತು? ತಲೆಯೊಳಗೆ ಹುಳ ಕೊರೆಯತೊಡಗಿತು. ತಡೆಯಲಾರದೆ ನಿನ್ನೆ ಅವರ ಮನೆಗೇ ಹೋದೆ. ಬೇಕರಿಯ ಮೇಲಿನ ಒಂದೇ ಕೋಣೆ, ಒಂದೇ ಕುರ್ಚಿ. ಅದನ್ನು ನನಗೆ ಬಿಟ್ಟುಕೊಟ್ಟು ಅವರು ಮಂಚದ ಅಂಚಿನಲ್ಲಿ ಕುಳಿತರು. ಒಲೆಯ ಪಕ್ಕದಲ್ಲಿ ನಾನು ಕಳಿಸಿದ ಹಾಗಲಕಾಯಿಗಳು ಹಣ್ಣಾಗಿ, ಬಿರಿದು, ಕೆಂಪು ಬೀಜ ಕಾಣಿಸುತ್ತಿದ್ದವು. ನನ್ನ ಕಣ್ಣು ಎಲ್ಲಿದೆಯೆಂದು ಅವರಿಗೆ ತಿಳಿಯಿತು. "ಕಹಿ ನನಗೆ ಮೊದಲಿಂದಲೂ ಸೇರಲ್ಲಮ್ಮಾ" ಎಂದರು. ಸಿಕ್ಕಿದ್ದನ್ನೆಲ್ಲ ಕೆಳಗಿನ ಬೇಕರಿಯವರಿಗೆ ಕೊಡುತ್ತಿದ್ದರಂತೆ, ಈಗ ಅವರೂ ಸಾಕೆಂದರಂತೆ. ಮತ್ತೆ ಯಾಕೆ ತೆಗೆದುಕೊಳ್ಳುತ್ತಿದ್ದಿರಿ ಎಂದು ಕೇಳಿದೆ. "ಅದನ್ನ ಕೊಡೋಕೆ ಅಂತ ಎಲ್ರೂ ನನ್ನ ಹತ್ರ ಬರೋರು. ಬಂದವರು ಹೇಗಿದೀರಿ ಅಂತ ಕೇಳೋರು. ಈಗ ಯಾಕೆ ಬರ್ತಾರೆ ಹೇಳಿ" ಎಂದರು. ದೂರುವ ಧ್ವನಿಯಲ್ಲ, ನನಗೆ ಲೆಕ್ಕ ಬಿಡಿಸಿ ತೋರಿಸುವ ಹಾಗೆ ಹೇಳಿದರು. ನನಗೆ ತುಂಬ ಸಂಕಟವಾಯಿತು ಮಗಳೇ. ಉಪಕಾರ ಮಾಡಿದೆನೆಂದು ಬೀಗುತ್ತಿದ್ದೆ, ಅವರಿಗಿದ್ದ ನಾಲ್ಕು ಜನರ ಮಾತನ್ನು ನಾನೇ ತಪ್ಪಿಸಿದ್ದೆ. ಈ ಶನಿವಾರದಿಂದ ನಿನ್ನ ನಿಯಮವೇ ಗಟ್ಟಿ, ಬೇಕಾದ್ದು ಬೇಡದ್ದು ಎಲ್ಲರಿಗೂ ಸಮ, ನೀವೂ ಬನ್ನಿ ಎಂದು ಕರೆದೆ. ಅವರು ಕೆಳಗಿನ ತನಕ ಬಂದು ಕಳಿಸಿಕೊಟ್ಟರು.

ಬೀಗಿತ್ತಿಯವರಿಗೆ ನನ್ನ ನಮಸ್ಕಾರ ತಿಳಿಸು. ಅವರು ಚೆನ್ನಾಗಿ ನಡೆಯುವಂತಾಗಲಿ, ನೀನು ನೆಮ್ಮದಿಯಾಗಿ ಹಿಂತಿರುಗಿ ಬರುವಂತಾಗಲಿ. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ, ಜಗಳಕ್ಕೂ ಜನವಿಲ್ಲ.

ಇಂತಿ,
ನಿನ್ನ ಅತ್ತೆ

ಮರೆತಿದ್ದೆ: ಪೆಟ್ಟಿಗೆ ಮನೆಮನೆಗೆ ಒಯ್ಯಲು ನೀನು ಮಾತಾಡಿದ್ದ ವ್ಯಾನಿನವನು ಬಾಗಿಲಲ್ಲೇ ನಿಂತಿದ್ದಾನೆ, ಇವತ್ತೇ ಉತ್ತರ ಬೇಕಂತೆ. ನಿನ್ನನ್ನು ಕೇಳದೆ ಬೇಡವೆಂದು ಹೇಳಿ ಕಳಿಸುತ್ತಿದ್ದೇನೆ. ಪೆಟ್ಟಿಗೆ ಹೊರುವ ಕೆಲಸ ಇನ್ನು ನಿನ್ನ ಗಂಡನದು, ಅವನಿಗೂ ಹೇಳಿಯಾಗಿದೆ. ನನ್ನನ್ನು ಬೈಯುವುದಿದ್ದರೆ ಬಂದ ಮೇಲೆ ಬೈ, ಕೇಳಿಸಿಕೊಳ್ಳುತ್ತೇನೆ. ಗಡಿಯಾರದವರು ಈ ಶನಿವಾರ ಬರದೇ ಇರಬಹುದು, ಮುಂದಿನ ಶನಿವಾರವೂ ಬರದೇ ಇರಬಹುದು. ಆದರೆ ಬರಬೇಕೆನ್ನಿಸಿದ ದಿನ ಬರಲು ಅವರಿಗೊಂದು ಜಾಗವಿರಬೇಕಲ್ಲ.