ಲಿಫ್ಟ್ ದೆವ್ವ ಮತ್ತು ಅಮ್ಮನ ದನಿ

ಫೆಬ್ರವರಿ 6, ಗುರುವಾರ

ಬೆಳಿಗ್ಗೆಯಿಂದ ಲೆನ್ಸ್ ಉಜ್ಜಿ ಉಜ್ಜಿ ಬೆರಳೆಲ್ಲ ಬಿಳಿ ಪುಡಿ. ಒಬ್ಬ ಗಿರಾಕಿ ಕನ್ನಡಕ ವಾಪಸ್ ತಂದ — ಮುಖದ ಮೇಲೆ ವಾಲಿಕೊಂಡು ಕೂರುತ್ತಂತೆ. ವಾಲಿದ್ದು ಫ್ರೇಮ್ ಅಲ್ಲ, ಅವನ ಮೂಗು. ಹೇಳೋಕಾಗುತ್ತಾ? ಫ್ರೇಮ್ ಬಗ್ಗಿಸಿ ಕೊಟ್ಟೆ. ಖುಷಿಯಾಗಿ ಹೋದ.

ಮನೆಗೆ ಬಂದರೆ ಅಮ್ಮ ಹೊಲಿಗೆ ಮೆಷಿನ್ ಮುಂದೆ. ದನಿ ಇನ್ನೂ ಒಡೆದೇ ಇದೆ. ಶೀತ ಅಂತಾಳೆ. ತಿಂಗಳುಗಟ್ಟಲೆ ಯಾವ ಶೀತ? ಅಕ್ಕನಿಗೆ ಫೋನ್ ಮಾಡಿದೆ. ಬಂದು ಡಾಕ್ಟರ ಹತ್ತಿರ ಎಳ್ಕೊಂಡು ಹೋಗ್ತಾಳಂತೆ. ಅವಳಿಂದ ಮಾತ್ರ ಸಾಧ್ಯ.

ಫೆಬ್ರವರಿ 9, ಭಾನುವಾರ

ಲಿಫ್ಟ್ ದೆವ್ವದ ಸಿನಿಮಾ ಹಾಕಿದೆ. ಎಷ್ಟನೇ ಸಲವೋ, ದೇವರಿಗೇ ಗೊತ್ತು. ಹಳೇ ಕಟ್ಟಡ, ಅದರ ಲಿಫ್ಟ್‌ನಲ್ಲಿ ದೆವ್ವ. ದೆವ್ವದ ಕೈಯಲ್ಲಿ ವಾಚ್ — ನಟ ಬಿಚ್ಚಿಡೋದು ಮರೆತಿದ್ದಾನೆ. ಮೇಲಿಂದ ಮೈಕ್ ಇಣುಕುತ್ತೆ. ಬಿಡುಗಡೆಯಾದಾಗ ಮಕಾಡೆ ಮಲಗಿದ ಸಿನಿಮಾ. ಈಗ ನಮ್ಮಂಥ ಹುಚ್ಚರು ತಲೆ ಮೇಲೆ ಹೊತ್ತು ಮೆರೆಸ್ತೀವಿ. ಸೈಕಲ್ ಅಂಗಡಿ ಮಹಡಿಯಲ್ಲಿ ಗುಂಪು ಸೇರಿ ಇಂಥವನ್ನೇ ಹಾಕ್ಕೊಂಡು ನೋಡ್ತೀವಿ. ಬೈಕೊಂಡು, ನಕ್ಕೊಂಡು, ಡೈಲಾಗ್ ಜೊತೆಗೇ ಹೇಳ್ಕೊಂಡು. ಬರೋ ಭಾನುವಾರದಾಚೆ ಭಾನುವಾರ ಇದೇ ಸಿನಿಮಾ.

ಹುಚ್ಚು ಹಿಡಿಸಿದ್ದು ಅಪ್ಪ. ಎಲೆಕ್ಟ್ರಿಷಿಯನ್. ಶನಿವಾರ ಕೆಲಸ ಮುಗಿಸಿ ಕ್ಯಾಸೆಟ್ ಬಾಡಿಗೆಗೆ ತರೋನು. ಅಂಗಡಿ ತುಂಬ ಒಳ್ಳೊಳ್ಳೇ ಸಿನಿಮಾ ಇದ್ರೂ ಇದೇ. ಅಕ್ಕ ಕಾಲು ನೆಲಕ್ಕೆ ಬಡಿದು ಅಳೋಳು. ನಾನು ಅಪ್ಪನ ತೊಡೆ ಮೇಲೆ. ಲಿಫ್ಟ್ ಬಾಗಿಲು ತೆರೆದು ನಾಯಕಿ ಕಿರುಚೋ ಹೊತ್ತಿಗೆ ಸರಿಯಾಗಿ ಅಮ್ಮ ಎದ್ದು ಅಡುಗೆಮನೆಗೆ. ಅಪ್ಪ ಟಿ.ವಿ. ಬಿಟ್ಟು ಅಡುಗೆಮನೆ ಕಡೆ ನೋಡಿ ನಗೋನು. ಅಮ್ಮನಿಗೆ ಭಯ ಅಂದ್ಕೊಂಡಿದ್ದೆ.

ಅಪ್ಪ ಹೋಗಿ ಎಷ್ಟು ವರ್ಷ ಆಯ್ತು. ಆ ನಗು ಮಾತ್ರ...

ಫೆಬ್ರವರಿ 18, ಮಂಗಳವಾರ

ಅಮ್ಮನ ರಿಪೋರ್ಟ್ ಬಂತು. ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್. ಪೂರ್ತಿ ತೆಗೀಬೇಕು.

"ಜೀವಕ್ಕೇನೂ ಆಗಲ್ಲ ಅನ್ನೋ ಧೈರ್ಯ ಇದೆ," ಅಂದ್ರು ಡಾಕ್ಟರ್. "ಆದ್ರೆ ಮಾತು..."

ಅಮ್ಮ ಕೂತಲ್ಲೇ ಸೆರಗು ಸರಿ ಮಾಡ್ಕೊಂಡಳು. "ಬಟ್ಟೆ ಹೊಲಿಯೋಕೆ ಮಾತು ಯಾಕೆ ಡಾಕ್ಟ್ರೇ? ಬೈಯೋಕೆ ಮಾತ್ರ ಕಷ್ಟ. ಇವರಿಬ್ಬರೂ ಬಚಾವ್."

ಡಾಕ್ಟರ್ ನಕ್ಕರು. ಅಕ್ಕ ಎದ್ದು ಹೊರಗೆ ಹೋದಳು. ನಾನು ಗೋಡೆ ಮೇಲಿನ ಕಿವಿಯ ಚಿತ್ರ ನೋಡ್ತಾ ಕೂತೆ.

ಫೆಬ್ರವರಿ 20, ಗುರುವಾರ

ಫೋನೆಲ್ಲ ಜಾಲಾಡಿದೆ. ಅಮ್ಮನ ದನಿ ಇರೋದು ಒಂದೇ ವಿಡಿಯೋದಲ್ಲಿ. ಅದರಲ್ಲೂ "ಆಫ್ ಮಾಡೋ" ಅಷ್ಟೇ.

ಸಂಜೆ ಅವಳ ಮುಂದೆ ಫೋನ್ ಹಿಡಿದು ಕೂತೆ. ಏನಾದ್ರೂ ಮಾತಾಡಮ್ಮ ಅಂದೆ.

"ಏನಂತ ಮಾತಾಡ್ಲಿ? ಇದೇನು ಭಾಷಣನಾ?"

"ಏನಾದ್ರೂ. ನಿನ್ನ ದನಿ ಇರ್ಲಿ ಅಂತ."

ಮೆಷಿನ್ ನಿಲ್ಲಿಸಿದಳು. ದಾರ ಕತ್ತರಿಸಿದಳು. "ಇದೆಯಲ್ಲ. ನೀನು ಸಾವಿರ ಸಲ ಕೇಳಿದ್ದೀಯ. ಆ ದರಿದ್ರ ಲಿಫ್ಟ್ ಸಿನಿಮಾದಲ್ಲಿ ಕಿರುಚೋಳು ನಾನೇ."

ನಾನು ನಕ್ಕೆ. ಅವಳು ನಗಲಿಲ್ಲ.

"ಮದುವೆಗೆ ಮುಂಚೆ ಸ್ಟುಡಿಯೋದಲ್ಲಿ ಬಟ್ಟೆ ಹೊಲೀತಿದ್ದೆ. ಆ ಹೀರೋಯಿನ್‌ಗೆ ಗಂಟಲು ಕಟ್ಟಿತ್ತು. ಕಿರುಚು ಅಂದ್ರೆ ಬೆಕ್ಕಿನ ಹಾಗೆ ಮಿಯಾಂವ್ ಅಂತಿದ್ಳು. ಡೈರೆಕ್ಟರ್ ತಲೆ ಚಚ್ಕೊಂಡು, ಇಲ್ಲಿ ಯಾರಿಗಾದ್ರೂ ಗಂಟಲು ಇದೆಯೇನ್ರೀ ಅಂದ. ಮೂಲೇಲಿ ಗುಂಡಿ ಹಾಕ್ತಾ ಕೂತಿದ್ದೆ. ಅದೇನು ತಿಳೀತೋ, ಎದ್ದು ಹೋಗಿ ಮೈಕ್ ಮುಂದೆ ನಿಂತೆ. ಕಿರುಚಿದೆ. ಒಂದೇ ಸಲ."

ನೀರು ಕುಡಿದಳು. ನುಂಗೋದು ಕಷ್ಟ ಈಗ.

"ಎಲ್ಲರೂ ಚಪ್ಪಾಳೆ ತಟ್ಟಿದ್ರು. ಹೊರಗೆ ವೈರ್ ಜೋಡಿಸ್ತಿದ್ದ ಒಬ್ರು ಮಾತ್ರ ಬಾಗಿಲು ತಳ್ಕೊಂಡು ಓಡಿ ಬಂದ್ರು. ಯಾರಿಗೆ ಏನಾಯ್ತು, ಯಾರಿಗೆ ಏನಾಯ್ತು ಅಂತ. ಮೈಯೆಲ್ಲ ಬೆವರು. ಅವರೇ ನಿಮ್ಮಪ್ಪ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನಿಮ್ಮಜ್ಜಿಗೆ ಸಿನಿಮಾದವರು ಅಂದ್ರೆ ಆಗ್ತಿರ್ಲಿಲ್ಲ. ಸೊಸೆ ಅಲ್ಲಿದ್ಲು ಅಂತ ಗೊತ್ತಾದ್ರೆ ಮನೆ ರಣರಂಗ. ಯಾರಿಗೂ ಹೇಳಲ್ಲ ಅಂತ ನಿಮ್ಮಪ್ಪ ಮಾತು ಕೊಟ್ರು. ಹೇಳ್ಲೂ ಇಲ್ಲ. ಪುಣ್ಯಾತ್ಮ, ಹೇಳೋ ಬದಲು ವಾರ ವಾರ ಕ್ಯಾಸೆಟ್ ತಂದ್ರು."

ಫೋನಿನಲ್ಲಿ ರೆಕಾರ್ಡ್ ಒತ್ತಿರಲಿಲ್ಲ ನಾನು. ದಡ್ಡ.

ಫೆಬ್ರವರಿ 23, ಭಾನುವಾರ

ಸಿನಿಮಾ ನೋಡೋಕೆ ಹೋಗೋಣ ಅಂತ ಅಮ್ಮನೇ ಅಂದಳು. ಷರತ್ತು ಒಂದೇ — ಅದು ಅವಳ ದನಿ ಅಂತ ಅಲ್ಲಿ ಯಾರಿಗೂ ಹೇಳಕೂಡದು. ಅಕ್ಕನೂ ಬಂದಳು, ಮೂಗು ಮುರೀತಾ. ಅಮ್ಮ ಹೇಳಿದ ಕಥೆಯನ್ನ ದಾರಿಯಲ್ಲಿ ಅವಳಿಗೆ ಹೇಳಿದೆ. ಆಮೇಲೆ ಮೂಗು ಒರೆಸ್ತಾ ಬಂದಳು.

ಮಹಡಿ ಮೆಟ್ಟಿಲು ಕಡಿದು. ಅಮ್ಮ ನಿಂತು ನಿಂತು ಹತ್ತಿದಳು. ಪ್ಲಾಸ್ಟಿಕ್ ಕುರ್ಚಿ, ಕಿಟಕಿಗೆ ಕಂಬಳಿ, ಗೋಡೆಗೆ ಬಿಳಿ ಬಟ್ಟೆ. ವಾಚ್ ಕಂಡಾಗ ಎಲ್ಲರೂ "ಟೈಮ್ ಎಷ್ಟು ಸ್ವಾಮೀ?" ಅಂದ್ರು. ಅಮ್ಮ ಕಿಸಕ್ಕನೆ ನಕ್ಕಳು.

ಲಿಫ್ಟ್ ಬಾಗಿಲು ಬಂತು. ಕತ್ತಲಲ್ಲಿ ಫೋನ್ ತೆಗೆದೆ, ರೆಕಾರ್ಡ್ ಒತ್ತಿದೆ. ನಮ್ಮವರ ಸಂಪ್ರದಾಯ ಮರೆತಿದ್ದೆ — ನಾಯಕಿ ಜೊತೆ ಇಡೀ ಹಾಲ್ ಕಿರುಚುತ್ತೆ. ಗಾಜು ಒಡೆಯೋ ಹಾಗೆ ಕಿರುಚಿದ್ರು.

ಅಮ್ಮ ಎದ್ದು ನಿಂತಳು. "ಏಯ್! ಬಾಯಿ ಮುಚ್ರೋ!"

ಆ ಹರಿದ ದನಿಗೆ ಅಷ್ಟು ಶಕ್ತಿ ಎಲ್ಲಿತ್ತೋ. ಸೈಕಲ್ ಅಂಗಡಿಯವನು ಗಾಬರಿಯಾಗಿ ಸಿನಿಮಾ ನಿಲ್ಲಿಸಿದ.

"ಏನಾಯ್ತಮ್ಮಾ?"

"ಕೇಳಿಸ್ಲೇ ಇಲ್ಲ ನಿಮ್ಮ ಗಲಾಟೇಲಿ. ಇನ್ನೊಂದ್ಸಲ ಹಾಕು. ಯಾರೂ ಉಸಿರೆತ್ತಬೇಡಿ." ಆಮೇಲೆ, ತುಸು ತಡೆದು — "ಅದು ನಂದು. ಆ ದನಿ ನಂದು."

ಯಾರೂ ನಗಲಿಲ್ಲ. ಅವನು ಹಿಂದಕ್ಕೆ ಓಡಿಸಿ ಹಾಕಿದ.

ಬಾಗಿಲು ತೆರೀತು. ಅಮ್ಮ ಕಿರುಚಿದಳು. ಗೋಡೆ ಮೇಲಿನ ಅಮ್ಮ, ಇಪ್ಪತ್ತರ ಅಮ್ಮ. ನನ್ನ ಪಕ್ಕದ ಅಮ್ಮ ಅಲುಗಾಡದೆ ಕೇಳಿದಳು. ಎಷ್ಟೋ ಸಲ ಕೇಳಿದ ದನಿ. ಆವತ್ತು ಒಬ್ಬ ಎಲೆಕ್ಟ್ರಿಷಿಯನ್ ಯಾಕೆ ಓಡಿ ಬಂದ ಅಂತ ಇವತ್ತೇ ನನಗೆ ಗೊತ್ತಾದದ್ದು. ಕಾಲು ತಾನಾಗೇ ಏಳುತ್ತೆ.

ಆಮೇಲೆ ಚಪ್ಪಾಳೆ. ಅಮ್ಮ ಅಕ್ಕನ ಕೈ ಹಿಡ್ಕೊಂಡು, "ಚಪ್ಪಾಳೆ ಆವತ್ತೂ ತಟ್ಟಿದ್ರು," ಅಂದಳು.

ಫೆಬ್ರವರಿ 24, ಸೋಮವಾರ

ನಿನ್ನೆ ಫೋನಿನ ರೆಕಾರ್ಡ್ ನಿಲ್ಲಿಸೋದೇ ಮರೆತಿದ್ದೆ. ಎಲ್ಲ ಬಂದಿದೆ. "ಬಾಯಿ ಮುಚ್ರೋ" ಕೂಡ. ಬಹುಶಃ ಅದೇ ಹೆಚ್ಚು ಚೆನ್ನಾಗಿದೆ.

ಫೆಬ್ರವರಿ 27, ಗುರುವಾರ

ಆಪರೇಷನ್‌ಗೆ ಸ್ಟ್ರೆಚರ್ ತಳ್ಳೋ ಮುಂಚೆ ಅಮ್ಮ ಹತ್ತಿರ ಕರೆದಳು. ಏನೋ ದೊಡ್ಡ ಮಾತು ಹೇಳ್ತಾಳೆ ಅಂದ್ಕೊಂಡೆ. "ಮೆಷಿನ್‌ಗೆ ಎಣ್ಣೆ ಬಿಡು. ಮರೀಬೇಡ."

ಅಷ್ಟೇ. ಅದೇ ಕೊನೇ ಮಾತು.

ಮಾರ್ಚ್ 21, ಶುಕ್ರವಾರ

ಎಷ್ಟೋ ದಿನ ಬರೀಲಿಲ್ಲ. ಅಮ್ಮ ಮನೆಗೆ ಬಂದಿದ್ದಾಳೆ. ಕತ್ತಿನಲ್ಲಿ ಉಸಿರಾಡೋಕೆ ಒಂದು ತೂತು, ಅದರ ಮೇಲೆ ಅವಳೇ ಹೊಲಿದ ಹತ್ತಿ ಬಟ್ಟೆ. ಮೆಷಿನ್ ಸದ್ದು ಬಿಟ್ರೆ ಮನೆಯೆಲ್ಲ ಮೌನ. ಮೊದಲ ವಾರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಿಂದ್ವಿ. ಒಂದು ದಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದಳು. ಅಳುವಿಗೂ ದನಿ ಇಲ್ಲ. ಬಾಗಿಲು ಹಾಕಿರಲಿಲ್ಲ, ಕಂಡೆ. ಒಳಗೆ ಹೋಗಿ ಪಕ್ಕದಲ್ಲಿ ಕೂತೆ. ಒದ್ದೆ ನೆಲದ ಮೇಲೇ.

ಏಪ್ರಿಲ್ 6, ಭಾನುವಾರ ಸಂಜೆ

ತುಟಿ ಓದೋದು ಕಲೀತಿದ್ದೀನಿ. ಅಕ್ಕ ನನಗಿಂತ ಚುರುಕು. ಅಮ್ಮ ಉದ್ದುದ್ದ ಹೇಳ್ತಾಳೆ, ನನಗೆ ಅರ್ಧ ತಲೆಗೆ ಹತ್ತುತ್ತೆ. ತಪ್ಪಾಗಿ ಹೇಳಿದ್ರೆ ಹಣೆ ಚಚ್ಕೊಂಡು ಮೊದಲಿಂದ ಶುರು ಮಾಡ್ತಾಳೆ. ಬೈಗುಳ ಮಾತ್ರ ಒಂದೇ ಸಲಕ್ಕೆ ಅರ್ಥವಾಗುತ್ತೆ.

ಬರೀತಿರೋವಾಗಲೇ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಬಾಯಿ ದೊಡ್ಡದಾಗಿ ತೆಗೆದು ಏನೋ ಅಂತಿದ್ದಾಳೆ. ಹಾ... ಹಾಡು? ತಲೆ ಅಲ್ಲಾಡಿಸಿದಳು. ಹಾಸಿಗೆ? ಹಣೆ ಚಚ್ಕೊಂಡಳು. ಅಡುಗೆಮನೆ ಕಡೆ ಕೈ ತೋರಿಸ್ತಿದ್ದಾಳೆ. ಹಾ... ಅಯ್ಯೋ, ಒಲೆ ಮೇಲಿಟ್ಟ ಹಾಲು —